ಮೂರು ಸೆಂಟಿಮೀಟರ್ ಕೂದಲು

ಬೆಳಿಗ್ಗೆ ಎದ್ದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಬಾಗಿಲ ಚಿಲಕ ಒರೆಸುವುದು. ರಾತ್ರಿಯಿಡೀ ಯಾರೂ ಮುಟ್ಟದ ಚಿಲಕವನ್ನು ಬೆಳಿಗ್ಗೆ ಯಾಕೆ ಒರೆಸಬೇಕು ಎಂದು ಹೆಂಡತಿ ಒಂದು ಸಲ ಕೇಳಿದ್ದಳು. ಅವನು ಕೊಟ್ಟ ಉತ್ತರ ಎಷ್ಟು ಉದ್ದವಾಗಿತ್ತೆಂದರೆ ಮತ್ತೆ ಅವಳು ಆ ಸುದ್ದಿಗೆ ಹೋಗಲಿಲ್ಲ. ಚಿಲಕ, ಸ್ವಿಚ್ಚು, ನಲ್ಲಿಯ ಹಿಡಿ, ಹಾಲಿನ ಪೊಟ್ಟಣ, ಕಡೆಗೆ ತನ್ನವೇ ಹತ್ತು ಬೆರಳು. ಇಷ್ಟಾದ ಮೇಲೆ ಥರ್ಮಾಮೀಟರನ್ನು ಕೊಡವಿ, ಬೆಳಕಿಗೆ ಹಿಡಿದು ಪಾದರಸ ಕೆಳಗಿಳಿದಿದೆಯೇ ಎಂದು ನೋಡಿ, ಮಂಚದ ಅಂಚಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ಹೆಂಡತಿಯ ಹತ್ತಿರ ಬಂದು, "ಹೇಗಿದ್ದೀಯ?" ಎಂದು ಕೇಳಿ, ಅವಳ ನಾಲಿಗೆಯ ಕೆಳಗೆ ಇಡುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಕಿಟಕಿಯಾಚೆ ಖಾಲಿ ರಸ್ತೆ, ಎದುರು ಮನೆಯ ಮುಚ್ಚಿದ ಗೇಟು, ತಂತಿಯ ಮೇಲೆ ಯಾರದೋ ಒಣಗಿದ ಟವೆಲು. ವಾಹನಗಳ ಸದ್ದಿಲ್ಲದ ಆ ಬೆಳಗುಗಳಲ್ಲಿ ಊರೇ ನೀರಿನಡಿ ಇಳಿದಂತೆ ಇರುತ್ತಿತ್ತು. ದೂರದಲ್ಲಿ ಯಾರೋ ಕೆಮ್ಮಿದರೂ ಪಕ್ಕದಲ್ಲೇ ಕೆಮ್ಮಿದ ಹಾಗೆ. ಎರಡು ನಿಮಿಷ. ಇಡೀ ದಿನದಲ್ಲಿ ಅವನಿಗೆ ಅದೇ ಅತ್ಯಂತ ನೆಮ್ಮದಿಯ ಹೊತ್ತು. ಥರ್ಮಾಮೀಟರ್ ತೆಗೆದು, ಓದಿ, "ಏನೂ ಇಲ್ಲ, ಚೆನ್ನಾಗಿದ್ದೀಯ," ಎಂದು ಹೇಳಿ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದ. ಏಳು ತಿಂಗಳು ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಎರಡು ವಾರದಿಂದ ಅವನ ನಡಿಗೆಯೇ ಬದಲಾಗಿತ್ತು. ಸ್ನಾನದ ಮನೆಯಲ್ಲಿ ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದ. ಮೆಟ್ಟಿಲಿಳಿಯುವಾಗ ಕೈಯಲ್ಲಿನ ಬೀಗದ ಕೈ ತಾಳ ಹಾಕುತ್ತಿತ್ತು. ಹೆಂಡತಿ ಒಂದೆರಡು ಸಲ ಅನುಮಾನದಿಂದ ನೋಡಿದಳು, ಆದರೆ ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುವಂತಿರಲಿಲ್ಲ. ಅವನ ಸಂತೋಷದ ಬುಡದಲ್ಲಿ ಒಂದು ಕಳ್ಳತನವಿತ್ತು. ಕಳ್ಳತನ ಎಂದರೆ ದೊಡ್ಡ ಮಾತಾಯಿತು, ಒಂದು ಲಕೋಟೆಯನ್ನು ಪಕ್ಕಕ್ಕಿಡಬೇಕಾಗಿದ್ದಾಗ ಇಡದೇ ಹೋದದ್ದು, ಅಷ್ಟೆ ಎಂದು ಅವನು ತನಗೆ ಹೇಳಿಕೊಂಡಿದ್ದ. ಹೇಳಿಕೊಂಡ ಮೇಲೂ ಅದು ಅಂಗಿಯೊಳಗೆ ಉಳಿದ ಕತ್ತರಿಸಿದ ಕೂದಲಿನಂತೆ ಆಗಾಗ ಚುಚ್ಚುತ್ತಿತ್ತು.

ಅವನ ಕೆಲಸವೇ ಕೂದಲು ಅಳೆಯುವುದು. ಗೇಟಿನ ಕಾವಲುಗಾರ ಅವನನ್ನು ಕರೆಯುತ್ತಿದ್ದದ್ದೇ ಕೂದಲು ಸಾಹೇಬರು ಎಂದು. ಈ ಸೋಂಕಿನ ದಿನಗಳಲ್ಲಿ ಬಸುರಿಯರ ಮನಸ್ಸಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತಿಳಿಯುವ ಅಧ್ಯಯನ ಅದು. ಪ್ರಶ್ನೆ ಕೇಳಿದರೆ ಎಲ್ಲರೂ ಚೆನ್ನಾಗಿದ್ದೀವಿ ಅಂತಾರೆ, ಚೆನ್ನಾಗಿದ್ದೀವಿ ಅನ್ನೋ ಮಾತಿಗೆ ನಂಬರ್ ಕೊಟ್ಟು ಏನು ಮಾಡಲಿ ಎಂದು ಅಧ್ಯಯನದ ಮೇಡಂ ಸಿಡುಕುತ್ತಿದ್ದರು. ಅದಕ್ಕೇ ಕೂದಲು. ಹೆದರಿದಾಗ, ನಿದ್ದೆ ಕೆಟ್ಟಾಗ, ಒಳಗೊಳಗೇ ಕುದಿದಾಗ ಮೈಯಲ್ಲಿ ಏರುವ ಹಾರ್ಮೋನು ಆ ಹೊತ್ತಿನಲ್ಲಿ ಬೆಳೆಯುತ್ತಿರುವ ಕೂದಲಿನೊಳಗೂ ಸೇರಿಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತಲೆಯ ಹಿಂಭಾಗದಿಂದ ಮೂರು ಸೆಂಟಿಮೀಟರ್ ತೆಗೆದುಕೊಂಡರೆ ಮೂರು ತಿಂಗಳ ಕತೆ ಕೈಗೆ ಬಂದಂತೆ: ಬುಡದ ಸೆಂಟಿಮೀಟರ್ ಮೊನ್ನೆ ಮೊನ್ನೆಯದು, ತುದಿಯದು ಹಳೆಯದು. ಆಸ್ಪತ್ರೆಯಲ್ಲಿ ಕತ್ತರಿಸಲು ಯಾರೂ ಯಾರ ಹತ್ತಿರವೂ ನಿಲ್ಲುವಂತಿರಲಿಲ್ಲವಾದ್ದರಿಂದ, ತಪಾಸಣೆಗೆ ಬಂದವರ ಕೈಗೆ ಒಂದು ಲಕೋಟೆ ಕೊಟ್ಟು ಕಳಿಸುತ್ತಿದ್ದರು. ಅದರಲ್ಲಿ ಒಂದು ಚೂರು ಬೆಳ್ಳಿ ಕಾಗದ, ಒಂದು ತುಂಡು ಬಿಳಿ ದಾರ, ಮೂರು ಸೆಂಟಿಮೀಟರಿನ ಚೌಕಟ್ಟು ಮುದ್ರಿಸಿದ ಸೂಚನೆಯ ಹಾಳೆ. ಹೆಸರಿಲ್ಲ, ನಂಬರ್ ಮಾತ್ರ; ಯಾರ ನಂಬರ್ ಯಾವುದೆಂಬ ಪಟ್ಟಿ ಆಸ್ಪತ್ರೆಯಲ್ಲಿತ್ತು. ಮನೆಯಲ್ಲೇ ಕತ್ತರಿಸಿ, ಬುಡದ ಕಡೆಗೆ ದಾರ ಕಟ್ಟಿ, ಅಂಚೆಗೆ ಹಾಕಬೇಕು. ಕತ್ತರಿಸಿಟ್ಟ ಮೂರು ಸೆಂಟಿಮೀಟರ್ ಕೂದಲಿಗೆ ಹಿಂದು ಮುಂದು ತಿಳಿಯುವುದಿಲ್ಲ. ದಾರ ಇದ್ದ ಕಡೆ ಇವತ್ತು, ಇಲ್ಲದ ಕಡೆ ಅವತ್ತು. ದಿನವೂ ಬರುವ ಲಕೋಟೆಗಳಲ್ಲಿ ಕಪ್ಪು, ಕಂದು, ಗುಂಗುರು, ಬಣ್ಣ ಹಚ್ಚಿ ಅರ್ಧ ಮಾಸಿದ ತಿಂಗಳುಗಳು. ಅವನು ಅವುಗಳನ್ನು ತೊಳೆದು, ಒಣಗಿಸಿ, ಸೆಂಟಿಮೀಟರಿಗೊಂದರಂತೆ ತುಂಡರಿಸಿ, ಪುಡಿ ಮಾಡಿ, ದ್ರಾವಣದಲ್ಲಿ ನೆನೆಹಾಕುತ್ತಿದ್ದ. ಕೆಲವು ಮಧ್ಯಾಹ್ನ ತೂಕದ ಯಂತ್ರದ ಗಾಜಿನ ಬಾಗಿಲು ಸರಿಸುವಾಗ, ಉಸಿರು ಬಿಟ್ಟರೆ ಯಾರದೋ ಒಂದು ತಿಂಗಳು ಹಾರಿಹೋದೀತು ಎನ್ನಿಸಿ ಉಸಿರು ಕಟ್ಟಿ ನಿಲ್ಲುತ್ತಿದ್ದ.

ಇನ್ನೂರ ಹದಿನೇಳನೇ ಲಕೋಟೆಯಲ್ಲಿ ಬಿಳಿ ದಾರ ಇರಲಿಲ್ಲ. ನವಿಲು ನೀಲಿ ದಾರವಿತ್ತು, ಎರಡು ಸುತ್ತು, ಮೂರು ಗಂಟು. ಅವನು ಅದನ್ನು ನೋಡಿದ, ಆಮೇಲೆ ತನ್ನ ಕೋಟಿನ ಎರಡನೇ ಗುಂಡಿಯನ್ನು ನೋಡಿದ. ಅಂಗಡಿಗಳೆಲ್ಲ ಮುಚ್ಚಿದ್ದ ವಾರದಲ್ಲಿ ಗುಂಡಿ ಕಿತ್ತುಹೋಗಿ, ಮನೆಯಲ್ಲಿ ಬಿಳಿ ದಾರ ಮುಗಿದುಹೋಗಿ, ಯಾವುದೋ ಹಳೇ ಕುಪ್ಪಸದ ಅಳಿದುಳಿದ ಉಂಡೆಯಿಂದ ಹೆಂಡತಿ ಹೊಲಿದುಕೊಟ್ಟಿದ್ದ ಗುಂಡಿ. ಬಿಳಿ ಕೋಟಿಗೆ ನೀಲಿ ದಾರ ಏನು ಚೆಂದ ಎಂದು ಅವನು ಗೊಣಗಿದ್ದಕ್ಕೆ, "ನಿಮ್ಮನ್ನ ಯಾರು ನೋಡ್ತಾರೆ ಬಿಡಿ, ಅಲ್ಲಿರೋದು ಬರೀ ಕೂದಲು," ಎಂದಿದ್ದಳು. ಈಗ ಆ ಕೂದಲು ಅವನನ್ನು ನೋಡುತ್ತಿತ್ತು. ಅಧ್ಯಯನಕ್ಕೆ ಸೇರಿದ್ದನ್ನು ಅವಳು ಹೇಳಿರಲಿಲ್ಲ. ಅವನು ಎಲ್ಲಿ ಕೆಲಸ ಮಾಡುತ್ತಾನೆ ಎಂಬುದು ಗೊತ್ತಿದ್ದೂ ಕಳಿಸಿದ್ದಳೆಂದರೆ ಸಾವಿರ ಲಕೋಟೆಯಲ್ಲಿ ಒಂದು ಯಾರ ಕಣ್ಣಿಗೆ ಬಿದ್ದೀತು ಎಂದುಕೊಂಡಿರಬೇಕು. ಗುರುತು ಸಿಕ್ಕ ಮಾದರಿಯನ್ನು ಪಕ್ಕಕ್ಕಿಟ್ಟು ಮೇಡಂಗೆ ತಿಳಿಸಬೇಕೆಂಬುದು ನಿಯಮ. ಆ ನಿಯಮವನ್ನು ಟೈಪ್ ಮಾಡಿ ಗೋಡೆಗೆ ಹಚ್ಚಿದವನೇ ಅವನು. ಅಂದು ಅವನು ಗೋಡೆಗೆ ಬೆನ್ನು ಮಾಡಿ ಕೂತು ಕತ್ತರಿ ಎತ್ತಿಕೊಂಡ.

ಮರುದಿನ ಯಂತ್ರ ಕೊಟ್ಟ ಅಂಕಿಗಳು: ಹಳೆಯ ತಿಂಗಳು ಹದಿನೆಂಟು, ನಡುವಿನದು ಹನ್ನೊಂದು, ಹೊಸದು ಆರು. ಅವನು ಮೂರು ಸಲ ನೋಡಿದ. ಬಸುರಿಯರಲ್ಲಿ ಈ ಹಾರ್ಮೋನು ತಿಂಗಳು ತುಂಬಿದ ಹಾಗೆ ತಾನಾಗಿ ಒಂದಿಷ್ಟು ಏರುತ್ತದೆ. ಎಲ್ಲರದ್ದೂ ಏರುವ ಗೀಟು. ಇದೊಂದೇ ಇಳಿದಿತ್ತು, ಅದೂ ಮೆಟ್ಟಿಲಿಳಿದಂತೆ. ಮೇಡಂ ಆ ಗೀಟನ್ನು ಬೇರೆ ಹಾಳೆಯಲ್ಲಿ ಬರೆಸಿ ತಮ್ಮ ಕೋಣೆಯ ಗೋಡೆಗೆ ಅಂಟಿಸಿಕೊಂಡರು. "ನೋಡಿ, ಊರಿಗೆ ಊರೇ ನಡುಗ್ತಿರೋವಾಗ ಈಕೆ ಮಾತ್ರ ತಣ್ಣಗಾಗ್ತಾ ಹೋಗಿದ್ದಾಳೆ. ಯಾರೋ ಪುಣ್ಯಾತ್ಮರು ಅಂಗೈಯಲ್ಲಿಟ್ಟು ನೋಡ್ಕೊಂಡಿದ್ದಾರೆ," ಎಂದರು. ಅವನು ನಕ್ಕ. ಮಾಸ್ಕಿನ ಹಿಂದೆ ನಕ್ಕದ್ದು ಕಾಣುವುದಿಲ್ಲ ಎಂದುಕೊಂಡಿದ್ದ.

ಲೆಕ್ಕ ಹಾಕಿದರೆ ಎಲ್ಲ ಸರಿಹೊಂದುತ್ತಿತ್ತು. ಹಳೆಯ ತಿಂಗಳು ಅವನು ಮನೆಯಲ್ಲಿರಲಿಲ್ಲ. ಲ್ಯಾಬಿನ ಅರ್ಧವನ್ನು ಗಂಟಲ ದ್ರವ ಪರೀಕ್ಷೆಗೆ ಬಿಟ್ಟುಕೊಟ್ಟಿದ್ದರು; ಬಸುರಿ ಹೆಂಡತಿಗೆ ಕಾಯಿಲೆ ಹೊತ್ತೊಯ್ಯುವುದು ಬೇಡವೆಂದು ಅವನು ಅಲ್ಲೇ ಉಗ್ರಾಣದಲ್ಲಿ ಮಲಗುತ್ತಿದ್ದ. ನಡುವಿನ ತಿಂಗಳ ಮಧ್ಯದಲ್ಲಿ ಮನೆಗೆ ಬಂದ. ಕೊನೆಯ ತಿಂಗಳು ಪೂರ್ತಿ ಮನೆಯಲ್ಲೇ. ಅಂದರೆ ಅವನಿಲ್ಲದಾಗ ಹದಿನೆಂಟು, ಅವನು ಬಂದಾಗ ಹನ್ನೊಂದು, ಇದ್ದಾಗ ಆರು. ಒರೆಸಿದ ಚಿಲಕಗಳೆಲ್ಲ ಅಂಕಿಯಾಗಿ ಎದುರಿಗೆ ಬಂದು ನಿಂತಿದ್ದವು. ಇದಕ್ಕಿಂತ ಹೆಚ್ಚಾಗಿ ಆ ಅಂಕಿಗಳು ಅವನಿಗೆ ಒಂದು ವಿಷಯದಲ್ಲಿ ಕ್ಷಮೆ ಕೊಟ್ಟಿದ್ದವು. ಉಗ್ರಾಣದಲ್ಲಿದ್ದ ಆ ಆರು ವಾರ ಅವನು ಸುಖವಾಗಿದ್ದ. ಯಾರಿಗೂ ಹೇಳದ ಮಾತು ಅದು. ಕೈಗವಸಿನ ರಟ್ಟಿನ ಪೆಟ್ಟಿಗೆಗಳ ನಡುವೆ ಹಾಸಿದ ಚಾಪೆ, ಎತ್ತರದ ಕಿಟಕಿಯಿಂದ ಇಳಿಯುವ ಬೆಳಕು, ಪಕ್ಕದ ಕೋಣೆಯ ಫ್ರೀಜರು ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಯಾರೂ ಏನೂ ಕೇಳುವವರಿಲ್ಲ, ಮಗು, ಹೆರಿಗೆ, ಮುಂದೆ ಏನು ಎಂಬ ಮಾತಿಲ್ಲ. ಸಂಜೆಗೆ ಮನೆಯ ಮುಂದಿನ ರಸ್ತೆಯಲ್ಲಿ ಬಂದು ನಿಲ್ಲುತ್ತಿದ್ದ; ಅವಳು ಮೇಲೆ ಬಾಲ್ಕನಿಯಲ್ಲಿ, ಇಬ್ಬರ ಕೈಯಲ್ಲೂ ಫೋನು, ಕಣ್ಣೆದುರಿಗಿದ್ದವರ ಜೊತೆ ಫೋನಿನಲ್ಲಿ ಮಾತು. ಹೊಟ್ಟೆ ತೋರಿಸಲು ಅವಳು ಪಕ್ಕಕ್ಕೆ ತಿರುಗುತ್ತಿದ್ದಳು. ಅವನು ಕೈ ಬೀಸುತ್ತಿದ್ದ, ಬೀಸುತ್ತಲೇ ಎಷ್ಟು ಹೊತ್ತಿಗೆ ಹಿಂತಿರುಗಿದರೆ ತಪ್ಪಾಗಲಾರದು ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದ. ಮನೆಗೆ ಬಂದ ಮೇಲೆ ಆ ಎಣಿಕೆಯ ಪಾಪವನ್ನು ತೊಳೆಯುವವನಂತೆ ಎಲ್ಲವನ್ನೂ ತೊಳೆದ.

ಹೀಗಿರುವಾಗ ಒಂದು ಬೆಳಿಗ್ಗೆ ಥರ್ಮಾಮೀಟರಿನ ಕೆಲಸ ಮುಗಿಸಿ, ಕೋಟು ಮಡಚಿ ಚೀಲಕ್ಕೆ ಹಾಕಿ, ಅವನು ಹೊಸಿಲ ಬಳಿ ಕೂತು ಬೂಟಿನ ಅಡಿಗೆ ದ್ರಾವಣ ಸಿಂಪಡಿಸುತ್ತಿದ್ದಾಗ ಹೆಂಡತಿ ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಇದ್ದವಳು ಅವಳ ಚಿಕ್ಕಮ್ಮನ ಮಗಳು, ಅವಳೂ ಬಸುರಿ, ಐದು ತಿಂಗಳು. ತಂಗಿಯ ಜೊತೆ ಮಾತಾಡುವಾಗ ಮಾತ್ರ ಹೆಂಡತಿಯ ದನಿಗೆ ಹಳೆಯ ಚುರುಕು ಬರುತ್ತಿತ್ತು. ಅವನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದಳು. ರಸ್ತೆ ಸತ್ತಂತಿದ್ದುದರಿಂದ ಒಂದೊಂದು ಮಾತೂ ಕೇಳಿಸುತ್ತಿತ್ತು.

"ನಿನಗೂ ಲಕೋಟೆ ಕೊಟ್ರಾ? ಏನೂ ಕಷ್ಟ ಇಲ್ಲ ಕಣೇ, ನಾನು ಯಾವಾಗಲೋ ಕಳಿಸಿಬಿಟ್ಟೆ. ಹಿಂದೆ ಒಂದು ಸಣ್ಣ ಎಳೆ ತಗೋ, ಕಾಣದೇ ಇರೋ ಕಡೆ. ಸ್ಕೇಲಲ್ಲಿ ಮೂರು ಸೆಂಟಿಮೀಟರ್ ನೋಡ್ಕೊಂಡು, ಕೆಳಗಡೆ ಮೊದಲು ದಾರ ಬಿಗಿ. ಜಡೆಗೆ ಕಟ್ಟಲ್ವಾ, ಹಾಗೆ. ಅವರು ಕೊಟ್ಟ ದಾರ ಎಲ್ಲೋ ಕಳೆದುಹೋಗಿ ನಾನು ಮನೇಲಿದ್ದ ದಾರಾನೇ ಕಟ್ಟಿದೆ. ಇಲ್ಲದಿದ್ರೆ ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ. ಆಮೇಲೆ ದಾರದ ಕೆಳಗಿಂದು ಕತ್ತರಿಸಿಬಿಡು, ಕೊನೆಗೆ ಮೇಲೆ ತಲೆ ಹತ್ತಿರ. ಅಷ್ಟೇ. ಹಾಳೇಲಿ ಏನೇನೋ ಚಿತ್ರ ಬರೆದಿದ್ದಾರೆ, ನಾನು ನೋಡಕ್ಕೆ ಹೋಗ್ಲಿಲ್ಲ. ಹುಟ್ಟಿದಾಗಿಂದ ಜಡೆ ಹಾಕ್ಕೊಂಡವಳಿಗೆ ಕೂದಲು ಕಟ್ಟೋದನ್ನ ಇವರು ಹೇಳಿಕೊಡಬೇಕಾ?"

ಅತ್ತ ಕಡೆಯವಳು ಏನೋ ಅಂದಿರಬೇಕು, ಹೆಂಡತಿ ನಕ್ಕಳು. ಅವನ ಕೈಯಲ್ಲಿದ್ದ ಬಾಟಲಿಯಿಂದ ದ್ರಾವಣ ಬೂಟಿನ ಮೇಲೆ ಸುರಿಯುತ್ತಲೇ ಇತ್ತು. ಬೂಟು ಪೂರ್ತಿ ಒದ್ದೆಯಾಗಿ ಕಾಲುಚೀಲಕ್ಕೆ ತಣ್ಣಗೆ ಇಳಿದಾಗಲೇ ಅವನಿಗೆ ಗೊತ್ತಾದದ್ದು.

ರಸ್ತೆಯಲ್ಲಿ ನಡೆಯುತ್ತ ಅವನು ಎರಡು ಸಲ ದಾರಿ ತಪ್ಪಿದ. ದಿನವೂ ನಡೆಯುವ ದಾರಿ. ಮುಚ್ಚಿದ ಅಂಗಡಿಗಳ ಕಬ್ಬಿಣದ ಬಾಗಿಲುಗಳು ಎಲ್ಲ ಕಡೆ ಒಂದೇ ಥರ ಇದ್ದವು, ಒಂದರ ಮುಂದೆ ನಾಯಿಯೊಂದು ರಸ್ತೆಯ ನಟ್ಟನಡುವೆ ನಿಶ್ಚಿಂತೆಯಿಂದ ಮಲಗಿತ್ತು. ಕೆಳಗೆ ಮೊದಲು ದಾರ ಬಿಗಿ. ಅಂದರೆ ದಾರ ಇದ್ದ ಕಡೆ ಅವತ್ತು, ಇಲ್ಲದ ಕಡೆ ಇವತ್ತು. ಆರು, ಹನ್ನೊಂದು, ಹದಿನೆಂಟು. ಅವನಿಲ್ಲದಾಗ ಆರು. ಹೆಜ್ಜೆಗೊಂದು ಅಂಕಿ ಬೀಳುತ್ತಿತ್ತು. ಬಸುರಿಯರಲ್ಲಿ ಏರುತ್ತದೆ, ಎಲ್ಲರದ್ದೂ ಏರುತ್ತದೆ ಎಂದು ಸ್ವಲ್ಪ ದೂರ ಸಮಾಧಾನ ಮಾಡಿಕೊಂಡ. ಎಲ್ಲರದ್ದೂ ಆರು ಎಂಟಾಗುತ್ತದೆ, ಎಂಟು ಹತ್ತಾಗುತ್ತದೆ. ಹದಿನೆಂಟು ಮುಟ್ಟಿದವರು ಇನ್ನೂರರಲ್ಲಿ ನಾಲ್ಕೈದು ಜನ. ಅವರಲ್ಲಿ ಒಬ್ಬಾಕೆಯ ಗಂಡ ತೀರಿಹೋಗಿದ್ದ ಎಂದು ಅರ್ಜಿಯಲ್ಲಿ ಬರೆದದ್ದನ್ನು ಅವನೇ ಓದಿದ್ದ. ತನ್ನ ಮನೆಯಲ್ಲಿ ಗಂಡ ಬದುಕಿದ್ದ, ಬದುಕಿ ಮನೆಗೆ ಬಂದಿದ್ದ.

ಬಂದ ದಿನ ಅವನು ಮಾಡಿದ ಮೊದಲ ಕೆಲಸ ಮೆಟ್ಟಿಲಿಗೆ ಟೇಪು ಹಚ್ಚಿದ್ದು. ಅದು ಯಾಕೋ ಈಗ ನೆನಪಾಯಿತು, ಹಳದಿಯ ಮೇಲೆ ಕಪ್ಪು ಪಟ್ಟೆಯ ಟೇಪು, ಲ್ಯಾಬಿನದು. ಕೆಳಗಿನ ಮನೆಯ ಟೀಚರಮ್ಮ, ನಿವೃತ್ತರಾಗಿ ಹತ್ತು ವರ್ಷವಾದರೂ ಇಡೀ ಬೀದಿಗೆ ಟೀಚರಮ್ಮನೇ, ಅವನಿಲ್ಲದ ಆರು ವಾರ ಪ್ರತಿ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಮೇಲಿನಿಂದ ಆರನೇ ಮೆಟ್ಟಿಲಲ್ಲಿ ದಿಂಬು ಹಾಕಿಕೊಂಡು ಕೂರುತ್ತಿದ್ದರು. ಹೆಂಡತಿ ಹೊಸಿಲಲ್ಲಿ. ನಡುವೆ ಐದು ಮೆಟ್ಟಿಲು, ಇಬ್ಬರ ಮೂಗಿಗೂ ಬಟ್ಟೆ. ಬಟಾಣಿ ಸುಲಿಯುತ್ತಲೋ ಸುಮ್ಮನೆಯೋ ಮಾತು. ಮನೆಗೆ ಬಂದ ಮಧ್ಯಾಹ್ನ ಅವನು ಅವರನ್ನು ಅಲ್ಲಿ ನೋಡಿ, ಬಹಳ ಗೌರವದಿಂದ, ಕೈ ಮುಗಿದು, "ವಯಸ್ಸಾದವರು ನೀವು, ನಿಮಗೇ ಅಪಾಯ ಟೀಚರಮ್ಮ. ನಾನು ಬಂದಿದ್ದೀನಲ್ಲ, ಇನ್ನು ನಾನು ನೋಡ್ಕೊತೀನಿ," ಎಂದಿದ್ದ. ಅವರು ದಿಂಬು ಎತ್ತಿಕೊಂಡು ಇಳಿದುಹೋದರು. ಆ ಮೆಟ್ಟಿಲಿಗೆ ಅಡ್ಡ ಟೇಪು ಹಚ್ಚುವಾಗ ಹೆಂಡತಿ ಹಿಂದೆಯೇ ನಿಂತಿದ್ದಳು. "ಅವರು ಪಾಪ, ನಿಮಗೆ ಏನು ಮಾಡಿದ್ರು," ಎಂದಳು. ಅವನು ಹನಿಗಳು ಎಷ್ಟು ಅಡಿ ಹಾರುತ್ತವೆ ಎಂದು ವಿವರಿಸಿದ. ವಿವರಿಸುವಾಗ ಅವಳ ಮುಖ ನೋಡಿದ್ದನೋ ಇಲ್ಲವೋ ಈಗ ನೆನಪಿಗೆ ಬರಲಿಲ್ಲ.

ಲ್ಯಾಬಿನ ಗೇಟಿನಲ್ಲಿ ಕಾವಲುಗಾರ ಹಣೆಗೆ ಯಂತ್ರ ಹಿಡಿದು, "ಕೂದಲು ಸಾಹೇಬ್ರು ಇವತ್ತು ಬೆಚ್ಚಗಿದ್ದೀರಿ. ಬಿಸಿಲಿಗೆ ಬಂದ್ರಾ? ನೆರಳಲ್ಲಿ ನಿಂತ್ಕೊಳಿ," ಎಂದು ಹತ್ತು ನಿಮಿಷ ಮರದಡಿ ನಿಲ್ಲಿಸಿದ. ಮರದಡಿ ನಿಂತು ಅವನು ಯೋಚಿಸಿದ: ಯಾರಿಗೂ ಗೊತ್ತಿಲ್ಲ. ಹೇಳದೇ ಇದ್ದರೆ ಆ ಗೀಟು ಮೇಡಂ ಗೋಡೆಯ ಮೇಲೆ ಇಳಿಯುತ್ತಲೇ ಇರುತ್ತದೆ, ನಾಳೆ ಯಾವುದೋ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಒಬ್ಬ ಪುಣ್ಯಾತ್ಮ ಉಳಿದುಕೊಳ್ಳುತ್ತಾನೆ. ತಪ್ಪೆಂದು ಹೇಳಬೇಕಾದರೆ ಹೇಗೆ ಗೊತ್ತಾಯಿತು ಎಂದು ಹೇಳಬೇಕು. ಎಲೆಗಳ ಸಂದಿಯಿಂದ ಬಿಸಿಲು, ಚೀಲದಿಂದ ಇಣುಕಿದ ಕೋಟಿನ ಎರಡನೇ ಗುಂಡಿಯ ಮೇಲೆ ಬಿದ್ದು ಸರಿಯುತ್ತಿತ್ತು. ಅವನಿಗೆ ನಿದ್ದೆ ಬಂದಂತಾಯಿತು. ನಿಂತಲ್ಲೇ ಒಂದು ಕ್ಷಣ, ಉಗ್ರಾಣದ ಚಾಪೆಯ ಮೇಲೆ ಮಲಗಿರುವಂತೆಯೂ, ಯಾರೋ ರಸ್ತೆಯಲ್ಲಿ ನಿಂತು ಮೇಲಕ್ಕೆ ಕೈ ಬೀಸುತ್ತಿರುವಂತೆಯೂ, ಬಾಲ್ಕನಿಯಲ್ಲಿ ಯಾರೂ ಇಲ್ಲದಂತೆಯೂ ಕಂಡಿತು. ಎರಡನೇ ಸಲ ಯಂತ್ರ ಹಿಡಿದಾಗ ಬಿಸಿ ಇಳಿದಿತ್ತು.

"ಮೇಡಂ, ಇನ್ನೂರ ಹದಿನೇಳು ತಲೆಕೆಳಗಾಗಿದೆ," ಎಂದು ಬಾಗಿಲಲ್ಲೇ ನಿಂತು ಹೇಳಿದ.

"ಅಂದ್ರೆ?"

"ದಾರ ಬುಡಕ್ಕೆ ಕಟ್ಟಿಲ್ಲ, ತುದಿಗೆ ಕಟ್ಟಿದ್ದಾರೆ. ಅದು ಇಳಿಯೋ ಗೀಟಲ್ಲ."

ಮೇಡಂ ಗೋಡೆಯ ಕಡೆ ನೋಡಿದರು, ಆಮೇಲೆ ಇವನ ಕಡೆ. "ನಿಮಗೆ ಹೇಗೆ ಗೊತ್ತು?"

ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಒಂದು ಹಾಳೆ ಏಳುವುದು, ಬೀಳುವುದು ಮಾಡುತ್ತಿತ್ತು. "ಅದು ನನ್ನ ಹೆಂಡತಿದು," ಎಂದ.

"ಇವತ್ತು ಗೊತ್ತಾಯ್ತಾ?"

"ತಲೆಕೆಳಗಾಗಿರೋದು ಇವತ್ತು ಗೊತ್ತಾಯ್ತು. ಅವಳದು ಅಂತ ಲಕೋಟೆ ಬಿಚ್ಚಿದ ದಿನಾನೇ."

ಮೇಡಂ ಬೈಯುತ್ತಾರೆ ಎಂದುಕೊಂಡಿದ್ದ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಅವತ್ತು ಪುಣ್ಯಾತ್ಮರು ಅಂದಾಗ ನೀವು ನಕ್ಕಿರಿ. ನಿಮ್ಮ ಕಣ್ಣು ನೋಡಿ, ಇವರಿಗೂ ಎಷ್ಟು ಖುಷಿ ಆಯ್ತಲ್ಲ ಅಂದ್ಕೊಂಡೆ." ಕನ್ನಡಕ ಮತ್ತೆ ಹಾಕಿಕೊಂಡು, "ಇನ್ನೂರರಲ್ಲಿ ಇಳಿದ ಗೀಟು ಇದೊಂದೇ. ಬೇರೆ ಯಾರದಾದ್ರೂ ಆಗಿದ್ದಿದ್ರೆ, ಮೇಡಂ ದಾರ ಉಲ್ಟಾ ಇರಬಹುದು ಅಂತ ನೀವೇ ಓಡಿ ಬರ್ತಿದ್ರಿ. ಎಷ್ಟು ಸಲ ಬಂದಿಲ್ಲ?" ಎಂದರು. ಹೌದು, ಬಂದಿದ್ದ. ಎರಡು ಸಲ ಬರೀ ಅನುಮಾನಕ್ಕೆ ಬಂದು ಮಾದರಿ ವಾಪಸ್ ಕಳಿಸಿದ್ದ. ಮೇಡಂ ಎದ್ದು ಗೋಡೆಯ ಹಾಳೆಯನ್ನು ಅಂಟು ಬಿಡಿಸಿ ತೆಗೆದರು. ಹರಿಯಲಿಲ್ಲ, ಮಡಚಿ ಡ್ರಾಯರಿಗೆ ಹಾಕಿದರು. "ಇದನ್ನ ಲೆಕ್ಕದಿಂದ ತೆಗೀತೀನಿ. ಇದೊಂದೇ ಹೀಗಾಗಿದೆ ಅಂತ ಏನು ನಂಬಿಕೆ? ಜಡೆ ಹಾಕೋರೆಲ್ಲ ತುದಿಗೇ ಕಟ್ಟಿರಬಹುದು, ನಮಗೆ ಹೊಳೀಲಿಲ್ಲ. ಇನ್ನೂರು ಜನಕ್ಕೂ ಫೋನ್ ಮಾಡಿ ಕೇಳಬೇಕು. ನಾಳೆಯಿಂದ ನೀವೇ ಕೇಳ್ತೀರಿ. ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೊಂಡು ಬರೀಬೇಕು. ಇವತ್ತು ಮನೆಗೆ ಹೋಗಿ."

ಅವನು ಮಾದರಿಗಳ ಕೋಣೆಗೆ ಹೋದ. ಇನ್ನೂರ ಹದಿನೇಳರ ಬೆಳ್ಳಿ ಕಾಗದದಲ್ಲಿ ಕೂದಲು ಉಳಿದಿರಲಿಲ್ಲ, ಎಲ್ಲವನ್ನೂ ಅವನೇ ಪುಡಿ ಮಾಡಿದ್ದ. ನೀಲಿ ದಾರ ಮಾತ್ರ ಇತ್ತು, ಗಂಟು ಬಿಚ್ಚಿರಲಿಲ್ಲ, ನಡುವೆ ಕೂದಲಿದ್ದ ಜಾಗ ಸಣ್ಣ ಉಂಗುರದಂತೆ ಖಾಲಿಯಾಗಿತ್ತು. ಅವಳ ಕಷ್ಟವನ್ನು ಕತ್ತರಿಸಿ, ತೊಳೆದು, ಪುಡಿ ಮಾಡಿ, ಅದರಲ್ಲಿ ತನ್ನ ಹೊಗಳಿಕೆಯನ್ನು ಹುಡುಕಿದ್ದೆ ಎಂದು ಅವನಿಗೆ ಅನ್ನಿಸಿತು. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಇಷ್ಟು ದಿನ ಅವಳು ಕಷ್ಟದಲ್ಲಿದ್ದಳಲ್ಲ, ಪಕ್ಕದಲ್ಲೇ ಇದ್ದೆನಲ್ಲ ಎಂದು ಸಂಕಟವಾಯಿತು. ಲ್ಯಾಬಿನ ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಮೂರು. ಮೆಟ್ಟಿಲು ಹತ್ತುತ್ತ ಆರನೇ ಮೆಟ್ಟಿಲ ಹತ್ತಿರ ನಿಂತ. ಟೇಪಿನ ಒಂದು ತುದಿ ಮೇಲೆದ್ದು ಧೂಳು ಹಿಡಿದಿತ್ತು. ಅದನ್ನು ಕಿತ್ತ; ಅಂಟು ಕಲ್ಲಿನ ಮೇಲೆ ಉಳಿದುಕೊಂಡಿತು, ಉಗುರಿನಿಂದ ಕೆರೆದ, ಪೂರ್ತಿ ಹೋಗಲಿಲ್ಲ. ಅಲ್ಲಿಯೇ ಕೂತ. ಆ ಮೆಟ್ಟಿಲಲ್ಲಿ ಕೂತರೆ ತಮ್ಮ ಮನೆಯ ಬಾಗಿಲು ಹೇಗೆ ಕಾಣುತ್ತದೆ ಎಂದು ಅವನು ಎಂದೂ ನೋಡಿರಲಿಲ್ಲ. ಕೆರೆದ ಸದ್ದಿಗೆ ಬಾಗಿಲು ತೆರೆಯಿತು.

"ಇದೇನು ಇಷ್ಟು ಬೇಗ? ಮೈ ಬಿಸಿ ಇದೆಯಾ?" ಹೆಂಡತಿಯ ಕೈ ತಟ್ಟನೆ ಹೊಟ್ಟೆಯ ಮೇಲೆ ಹೋಯಿತು.

"ಇಲ್ಲ. ಸುಮ್ಮನೆ ಬಂದೆ."

"ಒಳಗೆ ಬರಲ್ವಾ?"

"ಇಲ್ಲೇ ಸ್ವಲ್ಪ ಹೊತ್ತು ಕೂತಿರ್ತೀನಿ."

ಅವಳು ಅವನ ಕೈಯಲ್ಲಿ ಉಂಡೆಯಾದ ಟೇಪನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದು, ನಿಧಾನವಾಗಿ ಬಾಗಿ ಹೊಸಿಲ ಮೇಲೆ ಕೂತಳು. ಎಷ್ಟು ಸಲೀಸಾಗಿ ಕೂತಳೆಂದರೆ ಆ ಜಾಗದ ಅಭ್ಯಾಸ ಇನ್ನೂ ಮೈಯಲ್ಲಿದ್ದದ್ದು ಕಾಣುತ್ತಿತ್ತು. ಅವನು ಹೇಳಿದ. ನೀಲಿ ದಾರ, ಲಕೋಟೆ, ಹದಿನೆಂಟು, ಆರು, ಬೆಳಿಗ್ಗೆಯ ಫೋನು, ಗೋಡೆಯ ಹಾಳೆ. ತಲೆಯೆತ್ತದೆ ಹೇಳಿದ. ಉಗ್ರಾಣದಲ್ಲಿ ಸುಖವಾಗಿದ್ದದ್ದನ್ನೂ ಹೇಳಿಬಿಟ್ಟ; ಅದನ್ನು ಹೇಳಬೇಕೆಂದುಕೊಂಡಿರಲಿಲ್ಲ, ಮೆಟ್ಟಿಲ ಮೇಲೆ ಕೂತ ಮೇಲೆ ತಾನಾಗಿ ಬಂತು. ಅವಳ ಕೈ ಜಡೆಯ ಕೆಳಗೆ ಹೋಗಿ, ಕತ್ತರಿಸಿದ ಕಡೆ ಮೊಳಕೆಯೊಡೆದ ಚೂಪಾದ ಕೂದಲನ್ನು ಸವರುತ್ತಿತ್ತು.

"ನೀವು ಸುಖವಾಗಿದ್ದದ್ದು ನನಗೆ ಗೊತ್ತಿತ್ತು," ಎಂದಳು. "ಬಾಲ್ಕನಿಯಿಂದ ಕಾಣ್ತಿತ್ತು. ದಿನಾ ಒಂದು ಕಾಲು ಆಗಲೇ ಆ ಕಡೆ ತಿರುಗಿರೋದು."

ಅವನು ಟೇಪಿನ ಉಂಡೆಯನ್ನು ಮೆಟ್ಟಿಲ ಮೇಲಿಟ್ಟ.

"ಅದಕ್ಕೆ ಬೇಜಾರಿರಲಿಲ್ಲ ಬಿಡಿ. ನಾನೂ ಆಗ ಚೆನ್ನಾಗೇ ಇದ್ದೆ." ಜಡೆಯಿಂದ ಕೈ ತೆಗೆದು, "ಕೂದಲನ್ನ ಪುಡಿ ಮಾಡಿ ನೋಡೋದೇನಿತ್ತು. ನನ್ನನ್ನೇ ಕೇಳಬಹುದಿತ್ತಲ್ಲ," ಎಂದಳು.

"ದಿನಾ ಕೇಳ್ತಿದ್ನಲ್ಲ."

"ಕೇಳ್ತಿದ್ರಿ. ಕೇಳಿ, ನಾನು ಬಾಯಿ ಬಿಟ್ಟ ತಕ್ಷಣ ಥರ್ಮಾಮೀಟರ್ ಇಡ್ತಿದ್ರಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ತಿಂಗಳುಗಟ್ಟಲೆ ನಡೆದ ಒಂದು ಸಂಗತಿಯನ್ನು ಹೇಳಿದ ಹಾಗೆ ಹೇಳಿದಳು. ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು; ಥರ್ಮಾಮೀಟರಿನ ಡಬ್ಬಿ ಅಲ್ಲೇ ಇತ್ತು, ಲ್ಯಾಬಿಗೂ ಅದನ್ನು ಹೊತ್ತುಕೊಂಡು ಹೋಗಿದ್ದ. ಕೈಯನ್ನು ಹಿಂದಕ್ಕೆ ತಂದು ಮೊಣಕಾಲಿನ ಮೇಲಿಟ್ಟುಕೊಂಡ. ರಸ್ತೆಯಲ್ಲಿ ಒಂದು ಸೈಕಲ್ಲು ಹೋಯಿತು, ಅದರ ಚೈನಿನ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

"ಹೇಗಿದ್ದೀಯ?" ಎಂದು ಕೇಳಿದ.

ಅವಳು ಅವನನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ತುಂಬಿತು, ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ. "ನಿಮ್ಮೊಬ್ಬರ ಹತ್ತಿರ ಹೇಳೋಕೆ ಬರ್ತಾ ಇಲ್ಲ ರೀ, ಅಭ್ಯಾಸ ತಪ್ಪಿಹೋಗಿದೆ. ಮೊದಲು ಕೆಳಗೆ ಹೋಗಿ ಟೀಚರಮ್ಮನ್ನ ಕರ್ಕೊಂಡು ಬನ್ನಿ. ಅವರಿಗೆ ಹೇಳ್ತೀನಿ. ನೀವೂ ಕೇಳಿಸ್ಕೊಳಿ," ಎಂದಳು.

ಅವನು ಇಳಿದ. ಕೆಳಗಿನ ಮನೆಯ ಬಾಗಿಲನ್ನು ಎರಡು ತಿಂಗಳಿಂದ ತಟ್ಟಿರಲಿಲ್ಲ. ತಟ್ಟಿದ. ಟೀಚರಮ್ಮ ಬಾಗಿಲು ತೆರೆದರು, ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡರು, ಅವನನ್ನು ತಪ್ಪು ಲೆಕ್ಕ ಬರೆದು ತಂದ ಹುಡುಗನನ್ನು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅವಳು ನಿಮ್ಮನ್ನ ಕರೀತಿದ್ದಾಳೆ," ಎಂದ. "ನಾನೂ ಕರೀತಿದ್ದೀನಿ."

"ಜ್ವರ ಗಿರ ನೋಡ್ಕೊಂಡು ಬರಬೇಕೋ, ಹಾಗೇ ಬರಬಹುದೋ?"

"ಹಾಗೇ ಬನ್ನಿ ಟೀಚರಮ್ಮ."

ಅವರು ಒಳಗೆ ಹೋಗಿ ದಿಂಬು ತಂದರು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು. ಆರನೇ ಮೆಟ್ಟಿಲಲ್ಲಿ ಅಂಟಿನ ಕಲೆಯ ಮೇಲೆ ದಿಂಬು ಹಾಕಿ ಕೂತರು. ಅವರನ್ನು ದಾಟಿ ಮೇಲೆ ಹೋಗಿ ಹೆಂಡತಿಯ ಪಕ್ಕ ಕೂರಬಹುದಿತ್ತು, ಅದು ಅವನ ಮನೆಯ ಬಾಗಿಲೇ. ಅವನು ದಾಟಲಿಲ್ಲ. ಅವರಿಗಿಂತ ಐದು ಮೆಟ್ಟಿಲು ಕೆಳಗೆ, ಗೋಡೆಗೆ ಒರಗಿ ಕೂತ. ಅಲ್ಲಿಂದ ಹೆಂಡತಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಪಾದಗಳು ಬಾತಿದ್ದವು, ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಬಿದ್ದಿತ್ತು. ದಿನವೂ ಹಾಳೆಯಲ್ಲಿ ಏನೇನೋ ಬರೆದಿದ್ದ, ಇದನ್ನು ಬರೆದಿರಲಿಲ್ಲ.

"ಎಲ್ಲಿಂದ ಹೇಳಲಿ?" ಎಂದಿತು ಮೇಲಿನಿಂದ ಹೆಂಡತಿಯ ದನಿ.

"ಇವರು ಟೇಪು ಹಚ್ಚಿದ ದಿನದಿಂದ ಹೇಳು," ಎಂದರು ಟೀಚರಮ್ಮ. "ಅದಕ್ಕೆ ಮುಂಚಿಂದು ನನಗೆ ಗೊತ್ತು."

ಅವಳು ಹೇಳತೊಡಗಿದಳು.